ಲಿಂಕನ್ ಮೇರಿಯನ್ನು ಕಂಡ ಮನೆ ಯಾವುದು?

ಓದುಗರ ಪ್ರಶ್ನೆ, ಇತಿಹಾಸದ ಮೇಡಂ ಉತ್ತರ

ಪ್ರಶ್ನೆ: ಮೇಡಂ, ನಮ್ಮ ಮಗ ಅಮೆರಿಕದ ಇಲಿನಾಯ್ ರಾಜ್ಯದ ಬ್ಲೂಮಿಂಗ್ಟನ್‌ನಲ್ಲಿದ್ದಾನೆ. ನಾವು ಹೋಗಿದ್ದಾಗ ಸ್ಪ್ರಿಂಗ್‌ಫೀಲ್ಡ್ ಊರಿಗೆ ಕರೆದುಕೊಂಡು ಹೋದ. ಅಲ್ಲಿ ಎಡ್ವರ್ಡ್ಸ್ ಪ್ಲೇಸ್ ಅಂತ ಒಂದು ಹಳೇ ಬಂಗಲೆ, ಒಳಗೆ ಒಂದು ಸೋಫಾ. ಅಬ್ರಹಾಂ ಲಿಂಕನ್ ಮತ್ತು ಮೇರಿ ಮದುವೆಗೆ ಮುಂಚೆ ಕೂತು ಮಾತಾಡುತ್ತಿದ್ದ ಸೋಫಾ ಅಂದರು. ಊರಿಗೆ ಬಂದಮೇಲೆ ಎಲ್ಲರಿಗೂ 'ಅವರಿಬ್ಬರು ಮೊದಲು ಕಂಡ ಮನೆ ನೋಡಿ ಬಂದೆ' ಅಂತ ಹೇಳಿದೆ. ನಮ್ಮ ಷಡ್ಡಕರು ಮಾತ್ರ 'ಆ ಮನೆ ಕೆಡವಿ ನೂರು ವರ್ಷವಾಯಿತು' ಅಂತ ಹಟ ಹಿಡಿದಿದ್ದಾರೆ. ಯಾರು ಸರಿ?
– ಹಾವೇರಿಯ ಓದುಗರು

ಉತ್ತರ: ನಿಮ್ಮ ಷಡ್ಡಕರೇ ಗೆದ್ದರು. ಸೋಫಾದ ಮಟ್ಟಿಗೆ ನಿಮಗೂ ಅರ್ಧ ಅಂಕ ಕೊಡಬಹುದು.

ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಎಡ್ವರ್ಡ್ಸ್ ಮನೆ ಅಂದರೆ ಎರಡು, ಅಣ್ಣನದೊಂದು, ತಮ್ಮನದೊಂದು. ನೀವು ನೋಡಿದ್ದು ತಮ್ಮ ಬೆಂಜಮಿನ್ ಎಡ್ವರ್ಡ್ಸ್ ಮನೆ. 1833ರಲ್ಲಿ ಅದನ್ನು ಕಟ್ಟಿಸಿದ್ದು ಒಬ್ಬ ಡಾಕ್ಟರು. ಬೆಂಜಮಿನ್ ಕೊಂಡದ್ದು 1843ರಲ್ಲಿ. ಲಿಂಕನ್ ಮತ್ತು ಮೇರಿಯ ಮದುವೆ ಆದದ್ದು 1842ರ ನವೆಂಬರ್ 4ರಂದು. ಮದುವೆಯ ಮರುವರ್ಷ ಕೊಂಡ ಮನೆಯಲ್ಲಿ ಮದುವೆಗೆ ಮುಂಚಿನ ಮಾತುಕತೆ ಹೇಗೆ ನಡೆದೀತು?

ಲಿಂಕನ್ ಮತ್ತು ಮೇರಿಯ ಓಡಾಟವಿದ್ದದ್ದು, ಮದುವೆಯೂ ಆದದ್ದು, ಅಣ್ಣ ನಿನಿಯನ್ ಎಡ್ವರ್ಡ್ಸ್ ಮನೆಯಲ್ಲಿ. ನಿನಿಯನ್‌ನ ಹೆಂಡತಿ ಮೇರಿಯ ಅಕ್ಕ. ಅದು ಊರಿನ ಇನ್ನೊಂದು ಕಡೆ, ಸೆಕೆಂಡ್ ಸ್ಟ್ರೀಟ್‌ನ ದಿಣ್ಣೆಯ ಮೇಲಿತ್ತು. ಸೋಫಾ ಆ ಮನೆಯದು, ಆಮೇಲೆ ತಮ್ಮನ ಮನೆ ಸೇರಿತು. ಹಾಗಾಗಿ ನೀವು ನೋಡಿದ್ದು ಸರಿಯಾದ ಸೋಫಾ, ಬೇರೆ ಮನೆ.

ಅಣ್ಣನ ಮನೆಯನ್ನು 1918ರ ಸುಮಾರಿಗೆ ಕೆಡವಿದರು. ಇಲಿನಾಯ್ ರಾಜ್ಯವಾಗಿ ನೂರು ವರ್ಷ ತುಂಬಿತ್ತು, ಶತಮಾನೋತ್ಸವದ ನೆನಪಿಗೆ ದೊಡ್ಡ ಸರ್ಕಾರಿ ಕಟ್ಟಡ ಬೇಕಾಗಿತ್ತು, ಜಾಗ ಸಿಕ್ಕಿದ್ದು ಅಲ್ಲೇ. ರಾಜ್ಯದ ಹೆಸರು ಮೆರೆಸಿದವನ ಮದುವೆಯ ಮನೆ ರಾಜ್ಯದ ಹಬ್ಬಕ್ಕೇ ಬಲಿಯಾಯಿತು. ಈಗ ಆ ಕಟ್ಟಡಕ್ಕೆ ಹೌಲೆಟ್ ಬಿಲ್ಡಿಂಗ್ ಅಂತ ಹೆಸರು. ಅದರಲ್ಲಿರುವ ಕಚೇರಿಗಳಲ್ಲಿ ವಾಹನ ನೋಂದಣಿಯದೂ ಒಂದು, ಅಂದರೆ ನಮ್ಮ ಆರ್‌ಟಿಒ ಇದ್ದ ಹಾಗೆ. ನಿಮ್ಮ ಮಗನ ಕಾರಿನ ನಂಬರ್ ಪ್ಲೇಟಿನ ಮೇಲೆ 'ಲ್ಯಾಂಡ್ ಆಫ್ ಲಿಂಕನ್' ಅಂತ ಇರುತ್ತದೆ, ಗಮನಿಸಿದ್ದೀರೋ ಇಲ್ಲವೋ. ಆ ಪ್ಲೇಟಿನ ವ್ಯವಹಾರ ನೋಡಿಕೊಳ್ಳುವ ಇಲಾಖೆ ಇರುವುದು ಲಿಂಕನ್ ಉಂಗುರ ತೊಡಿಸಿದ ಜಾಗದಲ್ಲಿ. ನನಗೇನೋ ಸೋಫಾಕ್ಕಿಂತ ಇದೇ ಹೆಚ್ಚು ಹಿಡಿಸಿತು.

ಇನ್ನು ನಿಮ್ಮ ಷಡ್ಡಕರಿಗೆ ಒಂದು ಮಾತು ಹೇಳಿ: ನಿನಿಯನ್ ಮತ್ತು ಲಿಂಕನ್ ಕೂಡ ಷಡ್ಡಕರೇ. ಅವರಿಗೂ ಅಷ್ಟಕ್ಕಷ್ಟೇ ಇತ್ತು.

ಪ್ರಶ್ನೆ: ಮೇರಿ ಬೇರೆ ಊರಿನವಳಂತೆ. ಅಕ್ಕನ ಮನೆಯಲ್ಲಿ ಏಕೆ ಇದ್ದಳು? ಬಡ ಲಿಂಕನ್‌ಗೆ ಅಂಥ ದೊಡ್ಡ ಮನೆಯೊಳಗೆ ಪ್ರವೇಶ ಹೇಗೆ ಸಿಕ್ಕಿತು?
– ಸಾಗರದ ಗೃಹಿಣಿ

ಉತ್ತರ: ಎರಡಕ್ಕೂ ಉತ್ತರ ಆ ಮನೆಯ ಯಜಮಾನಿತಿ, ಮೇರಿಯ ದೊಡ್ಡಕ್ಕ ಎಲಿಜಬೆತ್. ಪುಸ್ತಕಗಳು ಆಕೆಗೆ ಅಡಿಟಿಪ್ಪಣಿಯಷ್ಟು ಜಾಗ ಕೊಡುತ್ತವೆ. ನನ್ನನ್ನು ಕೇಳಿದರೆ ಈ ಮನೆಯ ಕಥೆ ಅಂದರೆ ಆಕೆಯ ಕಥೆಯೇ.

ಟಾಡ್ ಮನೆತನ ಕೆಂಟಕಿ ರಾಜ್ಯದ ಲೆಕ್ಸಿಂಗ್ಟನ್‌ನದು. ಅಪ್ಪ ರಾಬರ್ಟ್ ಟಾಡ್ ಬ್ಯಾಂಕು, ವ್ಯಾಪಾರ, ರಾಜಕೀಯ ಎಲ್ಲದರಲ್ಲೂ ಇದ್ದ ಶ್ರೀಮಂತ. ಮನೆಯಲ್ಲಿ ಗುಲಾಮರಿದ್ದರು, ಅದನ್ನೂ ಹೇಳಲೇಬೇಕು. ಮೇರಿ ಹುಟ್ಟಿದ್ದು 1818ರ ಡಿಸೆಂಬರ್‌ನಲ್ಲಿ. ಆರು ವರ್ಷದವಳಿದ್ದಾಗ ತಾಯಿ ತೀರಿಕೊಂಡಳು. ಮಲತಾಯಿ ಬಂದಳು, ಆಕೆಗೂ ಸಾಲು ಮಕ್ಕಳು. ಮೊದಲ ಹೆಂಡತಿಯ ಹೆಣ್ಣುಮಕ್ಕಳಿಗೆ ಆ ಮನೆ ಮನೆ ಅನ್ನಿಸಲಿಲ್ಲ. ಎಲಿಜಬೆತ್ 1832ರಲ್ಲಿ ನಿನಿಯನ್‌ನನ್ನು ಮದುವೆಯಾಗಿ ಇಲಿನಾಯ್‌ಗೆ ಬಂದವಳು ಒಬ್ಬೊಬ್ಬರಾಗಿ ತಂಗಿಯರನ್ನು ಕರೆಸಿಕೊಂಡಳು. ಮೊದಲು ಫ್ರಾನ್ಸಿಸ್, ಅವಳಿಗೆ 1839ರಲ್ಲಿ ಡಾಕ್ಟರ್ ವಾಲೆಸ್ ಜೊತೆ ಮದುವೆಯಾಯಿತು. ಆಮೇಲೆ ಮೇರಿ. ಅವಳ ನಂತರ ಆನ್. ಒಬ್ಬಳನ್ನು ದಡ ಸೇರಿಸಿ ಇನ್ನೊಬ್ಬಳನ್ನು ಕರೆಸುವುದು. ನಮ್ಮಲ್ಲಿ ತಾಯಿ ಇಲ್ಲದ ಮನೆಯ ಹಿರಿ ಮಗಳು ಮಾಡುವ ಕೆಲಸವೇ ಇದು. ಸಾಗರದ ಕಡೆ ನಿಮಗೆ ಇಂಥ ಅಕ್ಕಂದಿರನ್ನು ನಾನು ತೋರಿಸಬೇಕಾಗಿಲ್ಲ.

ಆ ಮನೆ ಗಂಡು ನೋಡುವುದಕ್ಕೆ ಹೇಳಿ ಮಾಡಿಸಿದ ಜಾಗವಾಗಿತ್ತು. ನಿನಿಯನ್‌ನ ಅಪ್ಪ ಇಲಿನಾಯ್‌ನ ಗವರ್ನರ್ ಆಗಿದ್ದವನು. ನಿನಿಯನ್ ಸ್ವತಃ ಶಾಸಕ. ರಾಜ್ಯದ ರಾಜಧಾನಿಯನ್ನು ವ್ಯಾಂಡೇಲಿಯಾದಿಂದ ಸ್ಪ್ರಿಂಗ್‌ಫೀಲ್ಡ್‌ಗೆ ತರಲು 1837ರಲ್ಲಿ ಒಂಬತ್ತು ಜನ ಶಾಸಕರು ಗುಂಪುಕಟ್ಟಿ ಹೋರಾಡಿದರು. ಎಲ್ಲರೂ ಎತ್ತರದ ಆಳುಗಳು, ಜನ ಅವರನ್ನು 'ಲಾಂಗ್ ನೈನ್' ಅಂತಲೇ ಕರೆದರು. ಅದರಲ್ಲಿ ನಿನಿಯನ್ ಒಬ್ಬ, ಆರಡಿ ನಾಲ್ಕಂಗುಲದ ಲಿಂಕನ್ ಇನ್ನೊಬ್ಬ. ಇದು ಲಿಂಕನ್‌ಗೆ ಆ ಮನೆಯ ಒಂದು ಬಾಗಿಲು. ಇನ್ನೊಂದು ಬಾಗಿಲು ಜಾನ್ ಟಾಡ್ ಸ್ಟುವರ್ಟ್: ಲಿಂಕನ್ ವಕೀಲಿ ಶುರುಮಾಡಿದ್ದು ಈತನ ಪಾಲುದಾರನಾಗಿ, ಈತ ಮೇರಿಗೆ ಅಣ್ಣನಾಗಬೇಕು.

1839ರ ಡಿಸೆಂಬರ್‌ನಲ್ಲಿ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಮೊದಲ ಅಧಿವೇಶನ ಸೇರಿತು. ವಿಧಾನಸೌಧ ಇನ್ನೂ ಕಟ್ಟಿ ಮುಗಿದಿರಲಿಲ್ಲ. ಕೆಸರು ತುಂಬಿದ ಬೀದಿಗಳ ಸಣ್ಣ ಊರಿಗೆ ಶಾಸಕರು, ವಕೀಲರು, ಬ್ರಹ್ಮಚಾರಿಗಳು ದಂಡು ದಂಡಾಗಿ ಬಂದರು. ಸಂಜೆ ಹೊತ್ತು ಹೋಗುವುದಾದರೂ ಎಲ್ಲಿಗೆ? ದಿಣ್ಣೆಯ ಮೇಲಿನ ಆ ಮನೆಯಲ್ಲಿ ದೀಪ, ಊಟ, ಸಂಗೀತ, ಜೊತೆಗೆ ಫ್ರೆಂಚ್ ಕಲಿತ, ರಾಜಕೀಯ ಮಾತಾಡಬಲ್ಲ ಇಪ್ಪತ್ತೊಂದರ ಮೇರಿ. ಆಕೆಯ ಸುತ್ತ ನೆರೆಯುತ್ತಿದ್ದವರಲ್ಲಿ ಸ್ಟೀಫನ್ ಡಗ್ಲಸ್ ಕೂಡ ಇದ್ದ. ಇಪ್ಪತ್ತು ವರ್ಷ ಕಳೆದು ಅಧ್ಯಕ್ಷ ಚುನಾವಣೆಯಲ್ಲಿ ಲಿಂಕನ್ ಸೋಲಿಸಿದನಲ್ಲ, ಅದೇ ಡಗ್ಲಸ್.

ಲಿಂಕನ್ ಅಲ್ಲಿ ಹೇಗಿರುತ್ತಿದ್ದ ಎಂದು ಎಲಿಜಬೆತ್ ಎಷ್ಟೋ ವರ್ಷದ ಮೇಲೆ ಲಿಂಕನ್‌ನ ಗೆಳೆಯ ಹರ್ನ್‌ಡನ್ ಮುಂದೆ ಹೇಳಿದ್ದಾಳೆ. ಮಾತೆಲ್ಲ ಮೇರಿಯದೇ. ಇವನು ಪಕ್ಕದಲ್ಲಿ ಕೂತು ಕೇಳುತ್ತಿದ್ದ, ಯಾವುದೋ ಶಕ್ತಿ ಎಳೆದು ಹಿಡಿದ ಹಾಗೆ ಅವಳನ್ನೇ ನೋಡುತ್ತಿದ್ದ. ಬಾಯಿಬಿಟ್ಟು ಏನೂ ಹೇಳುತ್ತಿರಲಿಲ್ಲ. ಕೋರ್ಟಿನಲ್ಲಿ ಕಥೆ ಹೇಳಿ ಜ್ಯೂರಿಯನ್ನು ನಗಿಸುತ್ತಿದ್ದ ಮನುಷ್ಯ ಇವನೇ! ಅಕ್ಕ ಬಾಗಿಲ ಬಳಿಯಿಂದ ಎಲ್ಲ ಗಮನಿಸಿಟ್ಟುಕೊಂಡಿದ್ದಾಳೆ ಅನ್ನಿಸುತ್ತದೆ. ಇಂಥ ವಿವರ ಗಂಡಸರ ನೆನಪುಗಳಲ್ಲಿ ಸಿಗುವುದು ಕಡಿಮೆ.

ಪ್ರಶ್ನೆ: ಅವರು ಮೊದಲು ಕಂಡದ್ದು ಮನೆಯಲ್ಲಲ್ಲ, ಡಾನ್ಸ್ ಪಾರ್ಟಿಯಲ್ಲಿ, ಅಂತ ವಾಟ್ಸಾಪ್‌ನಲ್ಲಿ ಓದಿದೆ. ನಿಜವೇ?
– ತುಮಕೂರಿನ ವಿದ್ಯಾರ್ಥಿ

ಉತ್ತರ: ವಾಟ್ಸಾಪ್ ಒಮ್ಮೊಮ್ಮೆ ಪೂರ್ತಿ ಸುಳ್ಳು ಹೇಳುವುದಿಲ್ಲ. 1839ರ ಡಿಸೆಂಬರ್ 16ಕ್ಕೆ ಅಮೆರಿಕನ್ ಹೌಸ್ ಎಂಬ ಹೋಟೆಲಿನಲ್ಲಿ ದೊಡ್ಡ ನೃತ್ಯಕೂಟ ಇತ್ತು. ಅದರ ಆಹ್ವಾನ ಪತ್ರಿಕೆ ಉಳಿದಿದೆ. ವ್ಯವಸ್ಥಾಪಕರೆಂದು 16 ಜನರ ಹೆಸರು ಅಚ್ಚಾಗಿದೆ: ನಿನಿಯನ್ ಇದ್ದಾನೆ, ಡಗ್ಲಸ್ ಇದ್ದಾನೆ, ಕಟ್ಟಕಡೆಗೆ ಎ. ಲಿಂಕನ್. ನಮ್ಮ ಮದುವೆ ಕಾಗದದ ಕೆಳಗೆ 'ಸುಖಾಗಮನ ಬಯಸುವವರು' ಅಂತ ಸಾಲಾಗಿ ಹೆಸರು ಹಾಕುವುದಿಲ್ಲವೇ, ಹಾಗೆ.

ನೀವು ಓದಿದ ಕಥೆ ಟಾಡ್ ಕುಟುಂಬದವರು ಹೇಳಿಕೊಂಡು ಬಂದದ್ದು. ಲಿಂಕನ್ ಹತ್ತಿರ ಬಂದು 'ನಿಮ್ಮ ಜೊತೆ ಕುಣಿಯಬೇಕು, ಎಷ್ಟು ಕೆಟ್ಟದಾಗಿಯಾದರೂ ಸರಿ' ಎನ್ನುವ ಅರ್ಥದಲ್ಲಿ ಕೇಳಿದನಂತೆ. ಕುಣಿದಾದ ಮೇಲೆ ಮೇರಿ ಗೆಳತಿಯರಿಗೆ 'ಕೊಟ್ಟ ಮಾತು ಉಳಿಸಿಕೊಂಡರು' ಅಂದಳಂತೆ. ಮೇರಿಯ ನಾಲಿಗೆ ಬಲ್ಲವರು ಇದನ್ನು ನಂಬುತ್ತಾರೆ. ಆದರೆ ಮೊದಲ ಭೇಟಿಯ ದಿನ ಯಾರೂ ಡೈರಿಯಲ್ಲಿ ಬರೆದಿಟ್ಟಿಲ್ಲ. ಮೇರಿ 1837ರ ಬೇಸಿಗೆಯಲ್ಲೂ ಅಕ್ಕನ ಮನೆಗೆ ಬಂದು ಕೆಲವು ತಿಂಗಳು ಇದ್ದು ಹೋಗಿದ್ದಳು. ಲಿಂಕನ್ ಅದೇ ವರ್ಷ ಏಪ್ರಿಲ್‌ನಲ್ಲಿ ಊರಿಗೆ ಬಂದಿದ್ದ. ಆಗಲೇ ಕಣ್ಣಿಗೆ ಬಿದ್ದಿದ್ದರೂ ಬಿದ್ದಿರಬಹುದು. ಊರಿನವರು ನೆನಪನ್ನು ಮನೆಗೆ ಕಟ್ಟಿದ್ದು ಸುಮ್ಮನೆ ಅಲ್ಲ. ಕುಣಿದದ್ದು ಒಂದು ರಾತ್ರಿಯಾದರೆ, ಆ ಮನೆಗೆ ಬಂದು ಕೂತದ್ದು ಎಷ್ಟೋ ಸಂಜೆ.

ಪ್ರಶ್ನೆ: ಆ ಸೋಫಾದ ಮೇಲೆ ಈಗ ಕೂರಲು ಬಿಡುತ್ತಾರೆಯೇ?
– ಬೆಂಗಳೂರು ಬಸವನಗುಡಿಯಿಂದ

ಉತ್ತರ: ಮದುವೆ ನಿಶ್ಚಯವಾಗಬೇಕಿದ್ದರೆ ಬೇರೆ ಸೋಫಾ ನೋಡಿ ಸ್ವಾಮಿ. ಇದರ ಮೇಲೆ ಕೂತವರ ನಿಶ್ಚಿತಾರ್ಥ ಒಮ್ಮೆ ಮುರಿದುಬಿದ್ದಿದೆ.

ಪ್ರಶ್ನೆ: ಅಕ್ಕ-ಭಾವ ಈ ಮದುವೆಗೆ ಒಪ್ಪಿರಲಿಲ್ಲ ಎಂದು ಕೇಳಿದ್ದೇನೆ. ಹಾಗಿದ್ದೂ ಮದುವೆ ಅವರ ಮನೆಯಲ್ಲೇ ಹೇಗೆ ನಡೆಯಿತು?
– ಮಂಡ್ಯದ ಓದುಗರು

ಉತ್ತರ: ಒಪ್ಪಿರಲಿಲ್ಲ. ಅವರ ಜಾಗದಲ್ಲಿ ನಿಂತು ನೋಡಿದರೆ ನಾನೂ ಒಪ್ಪುತ್ತಿದ್ದೆನೋ ಇಲ್ಲವೋ. ಗಂಡಿನ ಮನೆತನ ಹೇಳಿಕೊಳ್ಳುವಂಥದ್ದಲ್ಲ. ಶಾಲೆಗೆ ಹೋದದ್ದೆಲ್ಲ ಸೇರಿಸಿದರೆ ಒಂದು ವರ್ಷ. ನ್ಯೂ ಸೇಲಂ ಎಂಬ ಹಳ್ಳಿಯಲ್ಲಿ ಅಂಗಡಿ ಇಟ್ಟು ಮುಳುಗಿ, ಆ ಸಾಲವನ್ನು ವರ್ಷಗಟ್ಟಲೆ ತೀರಿಸುತ್ತಿದ್ದ. ಊರಿಗೆ ಬಂದಾಗ ಮಂಚ-ಹಾಸಿಗೆಗೆ 17 ಡಾಲರ್ ಇಲ್ಲದೆ, ಜೋಷುವಾ ಸ್ಪೀಡ್ ಎಂಬ ಅಂಗಡಿಯವನ ಅಟ್ಟದ ಮೇಲೆ ಅವನದೇ ಹಾಸಿಗೆಯಲ್ಲಿ ಪಾಲು ಕೇಳಿ ಮಲಗಿದವನು. ಅಂಥವನಿಗೆ ಟಾಡ್ ಮನೆತನದ ಹುಡುಗಿ!

1840ರ ಕೊನೆಗೆ ಮಾತು ನಿಶ್ಚಯವಾಗಿತ್ತು. 1841ರ ಜನವರಿ 1ಕ್ಕೆ ಮುರಿದುಬಿತ್ತು. ಆ ತಿಂಗಳು ಸ್ಟುವರ್ಟ್‌ಗೆ ಬರೆದ ಕಾಗದದಲ್ಲಿ ಲಿಂಕನ್ ತನ್ನಂಥ ದುಃಖಿ ಈ ಭೂಮಿಯ ಮೇಲೆ ಇನ್ನೊಬ್ಬನಿಲ್ಲ ಎನ್ನುತ್ತಾನೆ. ಮುರಿದದ್ದು ಯಾರು ಎಂದು ವಿದ್ವಾಂಸರು ಇವತ್ತಿಗೂ ಜಗಳವಾಡುತ್ತಾರೆ, ಆಡಿಕೊಳ್ಳಲಿ. ನನಗೆ ಕಾಣುವುದು ಎಲಿಜಬೆತ್ ಆಗ ಇಬ್ಬರಿಗೂ ಹೇಳಿದ ಮಾತು: ನಿಮ್ಮ ಸ್ವಭಾವ ಬೇರೆ, ಬೆಳೆದ ರೀತಿ ಬೇರೆ, ಕಲಿತದ್ದು ಬೇರೆ, ಕಟ್ಟಿಕೊಂಡರೆ ಸುಖವಾಗಿರಲಾರಿರಿ, ಬಿಟ್ಟುಬಿಡಿ. ಪೂರ್ತಿ ತಪ್ಪು ಹೇಳಿದಳೇ? ಮುಂದಿನ ಇಪ್ಪತ್ತು ಚಿಲ್ಲರೆ ವರ್ಷಗಳ ಸಂಸಾರ ನೋಡಿದರೆ ಇಲ್ಲ ಎನ್ನಲು ನನಗೆ ಧೈರ್ಯವಿಲ್ಲ.

ಮತ್ತೆ ಅವರನ್ನು ಸೇರಿಸಿದ್ದು ಬೇರೆಯೇ ಮನೆ. ಊರಿನ ಪತ್ರಿಕೆಯ ಸಂಪಾದಕ ಸಿಮಿಯನ್ ಫ್ರಾನ್ಸಿಸ್‌ನ ಹೆಂಡತಿ 1842ರಲ್ಲಿ ಇಬ್ಬರನ್ನೂ ಹೇಳದೆ ಕೇಳದೆ ಮನೆಗೆ ಕರೆದು, ಸ್ನೇಹಿತರಾಗಿರಿ ಅಂದಳು. ಅಕ್ಕನಿಗೆ ಗೊತ್ತಾಗದ ಹಾಗೆ ಅಲ್ಲಿ ಭೇಟಿ ಮುಂದುವರಿಯಿತು.

ಎಲ್ಲ ಬಯಲಾದದ್ದು ಮದುವೆಯ ಹೊತ್ತಿಗೆ. ಪಾದ್ರಿ ಚಾರ್ಲ್ಸ್ ಡ್ರೆಸರ್ ಮನೆಯಲ್ಲಿ ಸದ್ದಿಲ್ಲದೆ ಮುಗಿಸಿಬಿಡುವುದೆಂದು ಇಬ್ಬರೂ ಗೊತ್ತುಮಾಡಿಕೊಂಡಿದ್ದರಂತೆ. ಸುದ್ದಿ ಕೇಳಿದ ನಿನಿಯನ್ ಕೆರಳಿದ. ಮೇರಿ ನನ್ನ ಜವಾಬ್ದಾರಿಯಲ್ಲಿರುವವಳು, ಮದುವೆ ಅಂತ ಆಗುವುದಾದರೆ ನನ್ನ ಮನೆಯಲ್ಲೇ ಆಗಬೇಕು ಅಂದ. ಇಷ್ಟವಿಲ್ಲದ ಮದುವೆಯೇ ಆದರೂ ಮಗಳು ನಮ್ಮ ಹೊಸ್ತಿಲಿಂದಲೇ ಹೋಗಲಿ ಎನ್ನುವ ಹಟ ಅದು. ಮಂಡ್ಯದಲ್ಲಿ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎಲಿಜಬೆತ್‌ಗೆ ಅಡುಗೆ, ಕೇಕು ಅಂತ ಸಿಕ್ಕಿದ್ದು ಕೆಲವೇ ಗಂಟೆ. ಕೇಕು ಕತ್ತರಿಸುವಾಗ ಇನ್ನೂ ಬಿಸಿ ಆರಿರಲಿಲ್ಲ ಎಂದು ಮನೆಯವರ ನೆನಪು.

ಮದುವೆಗೆ ಬಂದವರು ಮೂವತ್ತರ ಆಸುಪಾಸು. ಲಿಂಕನ್‌ಗೆ 33, ಮೇರಿಗೆ 23. ಉಂಗುರದ ಒಳಗೆ 'ಪ್ರೀತಿ ಶಾಶ್ವತ' ಎಂಬ ಅರ್ಥದ ಅಕ್ಷರ ಕೆತ್ತಿಸಿದ್ದ. 'ನನ್ನ ಆಸ್ತಿಪಾಸ್ತಿ, ಭೂಮಿಕಾಣಿಯನ್ನೆಲ್ಲ ನಿನಗೆ ಒಪ್ಪಿಸುತ್ತೇನೆ' ಎಂದು ಪಾದ್ರಿ ಹೇಳಿಕೊಟ್ಟಂತೆ ಹೇಳುವಾಗ ಹಿಂದೆ ನಿಂತಿದ್ದ ಮುದಿ ಜಡ್ಜ್ ಬ್ರೌನ್, 'ಅಯ್ಯೋ ದೇವರೇ, ಅದೆಲ್ಲ ಕಾನೂನಿನಲ್ಲೇ ಇದೆಯಲ್ಲೋ ಲಿಂಕನ್!' ಅಂತ ಜೋರಾಗಿಯೇ ಅಂದುಬಿಟ್ಟ. ಪಾದ್ರಿಗೆ ನಗು ತಡೆಯಲಾಗಲಿಲ್ಲ. ಇದನ್ನು ಹೇಳಿದವನು ಮದುಮಗನ ಪಕ್ಕ ನಿಂತಿದ್ದ ಗೆಳೆಯ ಜೇಮ್ಸ್ ಮೆಥನಿ. ಒಂದು ವಾರ ಕಳೆದು ಲಿಂಕನ್ ಯಾವುದೋ ಕೇಸಿನ ವಿಷಯ ಬರೆದ ಕಾಗದದ ಕೊನೆಗೆ ಸೇರಿಸುತ್ತಾನೆ: ಇಲ್ಲಿ ಹೊಸತೇನೂ ಇಲ್ಲ, ನಾನು ಮದುವೆಯಾದದ್ದು ಬಿಟ್ಟು, ಅದು ನನಗೇ ಬಹಳ ಆಶ್ಚರ್ಯ.

ಆ ಪಾದ್ರಿಯ ಮನೆ ಏನಾಯಿತು ಗೊತ್ತೇ? 1844ರಲ್ಲಿ ಲಿಂಕನ್ ದಂಪತಿ ಅದನ್ನೇ ಕೊಂಡರು. 1,200 ಡಾಲರ್ ನಗದು, ಜೊತೆಗೆ ಒಂದು ನಿವೇಶನ. ವಾಷಿಂಗ್ಟನ್‌ಗೆ ಹೊರಡುವ ತನಕ, ಅಂದರೆ 1861ರವರೆಗೆ ಇದ್ದದ್ದು ಅಲ್ಲೇ.

ಪ್ರಶ್ನೆ: ಗಂಡನ ಕೊಲೆಯ ನಂತರ ಮೇರಿಯನ್ನು ಹುಚ್ಚಾಸ್ಪತ್ರೆಗೆ ಸೇರಿಸಿದ್ದರಂತೆ. ಕೊನೆಗೆ ಆಕೆ ಎಲ್ಲಿದ್ದರು? ಅಕ್ಕನ ಮನೆಯವರು ಕೈಬಿಟ್ಟರೇ?
– ಧಾರವಾಡದ ನಿವೃತ್ತ ನರ್ಸ್

ಉತ್ತರ: ಕೈಬಿಡಲಿಲ್ಲ. ಎಲಿಜಬೆತ್ ಕಥೆಯೇ ಮುಖ್ಯ ಅಂತ ಮೇಲೆ ಅಂದೆನಲ್ಲ, ಅದಕ್ಕೆ ಕಾರಣ ಇದು.

1862ರ ಫೆಬ್ರವರಿಯಲ್ಲಿ ಶ್ವೇತಭವನದಲ್ಲಿ ಮಗ ವಿಲ್ಲಿ ತೀರಿಕೊಂಡಾಗ ಮೇರಿ ಹಾಸಿಗೆ ಹಿಡಿದಳು. ಆಗ ಸ್ಪ್ರಿಂಗ್‌ಫೀಲ್ಡ್‌ನಿಂದ ಹೋಗಿ ಜೊತೆಯಲ್ಲಿದ್ದವಳು ಇದೇ ಅಕ್ಕ. ನಿನಿಯನ್ ಅಷ್ಟರಲ್ಲಿ ಲಿಂಕನ್‌ನ ಎದುರು ಪಕ್ಷಕ್ಕೆ ಹೋಗಿದ್ದ, ಹಣದಲ್ಲಿ ಸೋತಿದ್ದ. ಒಂದು ಕಾಲಕ್ಕೆ ಬೇಡವಾಗಿದ್ದ ಷಡ್ಡಕನೇ ಅವನಿಗೆ ಸೈನ್ಯದ ದಿನಸಿ ಸರಬರಾಜಿನ ಕೆಲಸ ಕೊಟ್ಟ. ಲಿಂಕನ್ ಪಕ್ಷದವರು ಅದಕ್ಕೆ ಕೂಗಾಡಿದರು.

1865ರಲ್ಲಿ ಲಿಂಕನ್ ಹೋದ. 1871ರಲ್ಲಿ ಕಿರಿ ಮಗ ಟ್ಯಾಡ್ ಹೋದ. ನಾಲ್ಕು ಗಂಡುಮಕ್ಕಳಲ್ಲಿ ಉಳಿದವನು ರಾಬರ್ಟ್ ಒಬ್ಬನೇ. ಅವನು 1875ರ ಮೇ 19ಕ್ಕೆ ಶಿಕಾಗೋ ಕೋರ್ಟಿನಲ್ಲಿ ತಾಯಿಗೆ ಬುದ್ಧಿ ಸ್ಥಿಮಿತದಲ್ಲಿಲ್ಲ ಎಂದು ಜ್ಯೂರಿಯಿಂದ ಹೇಳಿಸಿದ. ಬೆಟಾವಿಯಾ ಊರಿನ ಖಾಸಗಿ ಆಸ್ಪತ್ರೆಗೆ ಸೇರಿಸಿದರು. ಕೆಲವೇ ತಿಂಗಳಲ್ಲಿ ಮೇರಿ ಹೊರಬಂದಳು, ಏಕೆಂದರೆ ಎಲಿಜಬೆತ್ 'ನಾನು ನೋಡಿಕೊಳ್ಳುತ್ತೇನೆ' ಎಂದು ಮುಂದೆ ಬಂದಳು. ಹೋದದ್ದು ಆ ದಿಣ್ಣೆಯ ಮನೆಗೆ. 1876ರ ಜೂನ್‌ನಲ್ಲಿ ಇನ್ನೊಂದು ಜ್ಯೂರಿ ಬುದ್ಧಿ ಸರಿಯಿದೆ ಅಂದಿತು.

ನೀವು ನರ್ಸ್ ಆಗಿದ್ದವರು, ಆಗಿನ ವೈದ್ಯಕೀಯವನ್ನು ಈಗಿನ ಕಣ್ಣಿನಿಂದ ನೋಡಿ ರೋಗದ ಹೆಸರು ಹೇಳುವ ಉಪದ್ವ್ಯಾಪಕ್ಕೆ ನೀವೂ ಹೋಗಲಾರಿರಿ, ನಾನೂ ಹೋಗುವುದಿಲ್ಲ.

ಮಗನ ಮೇಲಿನ ಸಿಟ್ಟಿಗೆ ಮೇರಿ ಫ್ರಾನ್ಸ್‌ನ ಪೋ ಎಂಬ ಊರಿಗೆ ಹೋಗಿ ನಾಲ್ಕು ವರ್ಷ ಒಬ್ಬಳೇ ಇದ್ದಳು. ಬೆನ್ನಿಗೆ ಪೆಟ್ಟಾಗಿ, ಕಣ್ಣು ಮಂಜಾಗಿ 1880ರಲ್ಲಿ ವಾಪಸು ಬಂದಳು. ಎಲ್ಲಿಗೆ? ಮತ್ತೆ ಅಕ್ಕನ ಮನೆಗೆ. ಜೊತೆಗೆ 64 ಟ್ರಂಕು ಬಂದವು ಎನ್ನುತ್ತಾರೆ. ಬಟ್ಟೆ, ಪರದೆ, ಥಾನುಗಟ್ಟಲೆ ರೇಷ್ಮೆ. ಅವನ್ನಿಟ್ಟ ಕೋಣೆಯ ನೆಲ ಕುಸಿದೀತು ಎಂದು ಕೆಲಸದವಳು ಹೆದರುತ್ತಿದ್ದಳಂತೆ. ಹಗಲು ಹೊತ್ತಿನಲ್ಲೂ ಕಿಟಕಿಗೆ ಪರದೆ ಎಳೆದು ಮೇಣದ ಬತ್ತಿಯ ಬೆಳಕಿನಲ್ಲಿ ಟ್ರಂಕು ತೆಗೆದು ಮುಚ್ಚಿ ಮಾಡುತ್ತಿದ್ದ ತಂಗಿಯನ್ನು ಅರವತ್ತೈದು ದಾಟಿದ ಎಲಿಜಬೆತ್ ಸಂಭಾಳಿಸಿದಳು. ಹದಿಹರೆಯದ ತಂಗಿಯರನ್ನು ಕರೆಸಿಕೊಂಡಿದ್ದು ಒಂದು ತೂಕ, ಇದು ಇನ್ನೊಂದು ತೂಕ.

1882ರ ಜುಲೈ 16ಕ್ಕೆ ಪಾರ್ಶ್ವವಾಯುವಿನಿಂದ ಮೇರಿ ತೀರಿಕೊಂಡಳು, 63 ವರ್ಷ. ಶವಪೆಟ್ಟಿಗೆ ಇಟ್ಟದ್ದು ನಲವತ್ತು ವರ್ಷ ಹಿಂದೆ ಮದುವೆ ನಡೆದಿದ್ದ ಅದೇ ನಡುಮನೆಯಲ್ಲಿ. ತಾಯಿಯ ಮನೆ ಇಲ್ಲದವಳಿಗೆ ತವರು ಅಂತ ಇದ್ದದ್ದು ಅದೊಂದೇ. 1888ರಲ್ಲಿ ಎಲಿಜಬೆತ್, ಮರುವರ್ಷ ನಿನಿಯನ್ ಹೋದರು. ಮನೆ ಉಳಿಸಿ ಎಂದು ಪಟ್ಟು ಹಿಡಿಯಲು ಆ ಗೋಡೆಗಳನ್ನು ಕಂಡವರು 1918ರ ಹೊತ್ತಿಗೆ ಹೆಚ್ಚು ಜನ ಉಳಿದಿರಲಿಲ್ಲ.

ಪ್ರಶ್ನೆ: ನಾವೂ ಮಗಳ ಮನೆಗೆ ಶಿಕಾಗೋಗೆ ಹೋಗುವವರಿದ್ದೇವೆ. ಸ್ಪ್ರಿಂಗ್‌ಫೀಲ್ಡ್‌ಗೆ ಒಂದೇ ದಿನ ಸಿಗುತ್ತದೆ. ಏನು ನೋಡಬೇಕು?
– ಉಡುಪಿಯ ದಂಪತಿ

ಉತ್ತರ: ಶಿಕಾಗೋದಿಂದ ಕಾರಿನಲ್ಲಿ ಮೂರು ಗಂಟೆಗಿಂತ ಸ್ವಲ್ಪ ಹೆಚ್ಚು, ರೈಲೂ ಇದೆ. ಮೊದಲು ಎಂಟನೇ ರಸ್ತೆ ಮತ್ತು ಜಾಕ್ಸನ್ ರಸ್ತೆ ಸೇರುವಲ್ಲಿನ ಲಿಂಕನ್ ಮನೆ, ಅದೇ ಪಾದ್ರಿಯಿಂದ ಕೊಂಡದ್ದು. ಪ್ರವೇಶಕ್ಕೆ ದುಡ್ಡಿಲ್ಲ, ಆದರೆ ಸಂದರ್ಶಕರ ಕೇಂದ್ರದಲ್ಲಿ ಟಿಕೆಟ್ ತೆಗೆದುಕೊಂಡು ರೇಂಜರ್ ಜೊತೆಗೇ ಒಳಗೆ ಹೋಗಬೇಕು. ಬೆಳಿಗ್ಗೆ ಬೇಗ ಹೋಗಿ. ಅಡುಗೆಮನೆಯಲ್ಲಿ ಕಬ್ಬಿಣದ ಒಲೆಯ ಮುಂದೆ ನಿಲ್ಲುವುದನ್ನು ಮರೆಯಬೇಡಿ. ಮನೆಯ ಯಜಮಾನಿಯಾಗಿ ಮೇರಿ ಹೇಗಿದ್ದಳು ಅಂತ ತಿಳಿಯಲು ಸೋಫಾಕ್ಕಿಂತ ಅದು ವಾಸಿ.

ಮಧ್ಯಾಹ್ನ ಎಡ್ವರ್ಡ್ಸ್ ಪ್ಲೇಸ್‌ಗೆ ಹೋಗಿ. ಅದು ಈಗ ಊರಿನ ಕಲಾ ಸಂಘದವರ ಕೈಯಲ್ಲಿದೆ, ತೆರೆದಿರುವ ವೇಳೆ ಮೊದಲೇ ಫೋನು ಮಾಡಿ ಕೇಳಿಕೊಳ್ಳುವುದು ಒಳ್ಳೆಯದು. ಆಮೇಲೆ ಓಕ್ ರಿಡ್ಜ್ ಸ್ಮಶಾನ. ಸಮಾಧಿಯ ಮುಂದೆ ಲಿಂಕನ್‌ನ ಕಂಚಿನ ತಲೆ ಇದೆ, ಅದೃಷ್ಟ ಬರಲಿ ಅಂತ ಜನ ಮೂಗು ಉಜ್ಜಿ ಉಜ್ಜಿ ಅದೊಂದೇ ಹೊಳೆಯುತ್ತದೆ. ಒಳಗೆ ಅವನೆದುರಿಗೇ ಮೇರಿಯ ಸಮಾಧಿ. ಹೌಲೆಟ್ ಬಿಲ್ಡಿಂಗ್ ನೋಡಲು ಇಳಿಯಬೇಕಾಗಿಲ್ಲ, ವಿಧಾನಸೌಧದ ಕಡೆ ಕಾರು ಹೋಗುವಾಗ ಅಳಿಯನಿಗೆ ಸ್ವಲ್ಪ ನಿಧಾನ ಮಾಡಪ್ಪ ಅಂದರೆ ಸಾಕು.